ವಿದ್ಯಾರ್ಥಿನಿಲಯದ ಬಾಗಿಲು

ಹೊಸ ವಿದ್ಯಾವರ್ಷವು ಬಂದಾಗಲೆಲ್ಲ ನಮ್ಮ ಪಟ್ಟಣಗಳಲ್ಲಿ ಒಂದು ದೃಶ್ಯವು ತಪ್ಪದೆ ಕಾಣಬರುತ್ತದೆ. ಹಳ್ಳಿಯಿಂದ ಬಂದ ತಂದೆಯೊಬ್ಬನು ಮಗಳ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಕಾಲೇಜಿನ ಕಚೇರಿಯ ಮುಂದೆ ನಿಂತಿರುತ್ತಾನೆ. ಪ್ರವೇಶವು ದೊರೆತೀತೇ ಎಂಬುದು ಅವನ ಮೊದಲನೆಯ ಚಿಂತೆ. ದೊರೆತ ಮೇಲೆ ಹುಡುಗಿಯು ಇರುವುದೆಲ್ಲಿ ಎಂಬುದು ಎರಡನೆಯದು. ಮೊದಲನೆಯ ಚಿಂತೆಯನ್ನು ಹಗುರಗೊಳಿಸುವುದರಲ್ಲಿ ನಮ್ಮ ದೇಶವು ಬಹುದೂರ ನಡೆದುಬಂದಿದೆ. ಎರಡನೆಯದರ ವಿಷಯದಲ್ಲಿ ನಾವು ಇನ್ನೂ ಹೊಸ್ತಿಲ ಬಳಿಯಲ್ಲೇ ನಿಂತಿದ್ದೇವೆ. ಈ ಎರಡನೆಯ ಚಿಂತೆಯ ಕಡೆಗೆ ಮಹಾಜನರ ಮತ್ತು ಅಧಿಕಾರವರ್ಗದವರ ಗಮನವನ್ನು ಸೆಳೆಯುವುದು ನಮ್ಮ ಇಂದಿನ ಉದ್ದೇಶವು.

ನಡೆದುಬಂದ ದಾರಿಯನ್ನು ಅಲ್ಪವೆನ್ನಲಾಗದು. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಹುಟ್ಟಿದ್ದು 1881ರಲ್ಲಿ. ಕಲಕತ್ತೆಯಲ್ಲಿ ಕಾದಂಬಿನಿ ಮತ್ತು ಚಂದ್ರಮುಖಿ ಬಸು ಎಂಬಿಬ್ಬರು ತರುಣಿಯರು ಪದವೀಧರೆಯರಾದದ್ದು 1883ರಲ್ಲಿ. ಸ್ವತಂತ್ರ ಭಾರತದ ಮೊದಲ ಜನಗಣತಿಯಾದ 1951ರ ಗಣತಿಯಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಾದರೋ, ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳಲ್ಲಿದ್ದ ಸುಮಾರು 4.33 ಕೋಟಿ ವಿದ್ಯಾರ್ಥಿಗಳ ಪೈಕಿ 2.07 ಕೋಟಿ ಮಂದಿ ಹೆಣ್ಣುಮಕ್ಕಳೆಂದು ತಿಳಿಸುತ್ತದೆ. ಹೆಣ್ಣಿಗೆ ಓದೇಕೆ ಎಂದು ಕೇಳುತ್ತಿದ್ದವರ ಮೊಮ್ಮಕ್ಕಳೇ ಇಂದು ಮಗಳ ಫೀಜಿಗೆ ಸಾಲ ತೆಗೆಯುತ್ತಾರೆ. ಇದು ಸಂತೋಷಪಡತಕ್ಕ ಸಂಗತಿಯೇ ಸರಿ.

ಆದರೆ ಕಾಲೇಜಿನ ಬಾಗಿಲು ತೆರೆದ ಮಾತ್ರಕ್ಕೆ ವಿದ್ಯೆಯು ಪೂರ್ಣವಾಯಿತೇ? ಈ ಪ್ರಶ್ನೆಯನ್ನು ಎತ್ತಿದವರು ಹಿರಿಯರಲ್ಲ, ಸುಧಾರಕರೂ ಅಲ್ಲ; ವಿದ್ಯಾರ್ಥಿನಿಯರೇ. 2022ರ ನವೆಂಬರಿನಲ್ಲಿ ಕಲ್ಲಿಕೋಟೆಯ ಸರಕಾರಿ ವೈದ್ಯಕೀಯ ಕಾಲೇಜಿನ ತರುಣಿಯರು, ರಾತ್ರಿ 9.30ರ ಬಳಿಕ ಹೊರಗೆ ಹೋಗಕೂಡದೆಂಬ ಕಟ್ಟಳೆಯು ತಮಗೆ ಮಾತ್ರ ಬಿಗಿಯಾಗಿರುವುದೇಕೆಂದು ಕೇಳಿ, ಕೇರಳದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ತೊಂದರೆ ಕೊಡುವವರು ಗಂಡಸರಾದಲ್ಲಿ ಹೆಂಗಸರನ್ನು ಕೂಡಿಹಾಕುವುದು ಯಾವ ನ್ಯಾಯವೆಂಬ ಅರ್ಥದ ಪ್ರಶ್ನೆಯು ನ್ಯಾಯಪೀಠದಿಂದಲೇ ಬಂದಿತು. ಆ ವರ್ಷದ ಡಿಸೆಂಬರಿನಲ್ಲಿ ಅಲ್ಲಿಯ ಸರಕಾರವು ಹುಡುಗರಿಗೂ ಹುಡುಗಿಯರಿಗೂ ಒಂದೇ ವೇಳೆಯನ್ನು ಗೊತ್ತುಪಡಿಸಿ ಆಜ್ಞೆ ಹೊರಡಿಸಿತು. ಈ ಮಕ್ಕಳು ಬೇಡಿದ್ದು ಸ್ವೇಚ್ಛೆಯನ್ನಲ್ಲ. ವೈದ್ಯವಿದ್ಯಾರ್ಥಿನಿಗೆ ಪುಸ್ತಕಾಲಯವು ವಿಲಾಸವಲ್ಲ. ಇಂದು ಪುಸ್ತಕಾಲಯಕ್ಕೆ ಹೋಗಲು ಅಪ್ಪಣೆಯಿಲ್ಲದವಳು ನಾಳೆ ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿಯನ್ನು ಒಬ್ಬಳೇ ನಿರ್ವಹಿಸಬೇಕಾದವಳು.

ಆ ವ್ಯಾಜ್ಯದಲ್ಲಿ ಆರೋಗ್ಯವಿಜ್ಞಾನ ವಿಶ್ವವಿದ್ಯಾನಿಲಯದ ಪರವಾಗಿ ಹೂಡಲಾದ ಒಂದು ವಾದವು ನಮ್ಮ ಮನಸ್ಸಿನಲ್ಲಿ ನಿಂತಿದೆ. ಮನುಷ್ಯನ ಮೆದುಳು ಇಪ್ಪತ್ತೈದು ವರ್ಷದವರೆಗೆ ಪೂರ್ಣವಾಗಿ ಪಕ್ವವಾಗುವುದಿಲ್ಲ, ಆದಕಾರಣ ಅದಕ್ಕೆ ಮುಂಚೆ ಪೂರ್ಣ ಸ್ವಾತಂತ್ರ್ಯವು ಸಲ್ಲದು ಎಂಬುದೇ ಆ ವಾದ. ಹದಿನೆಂಟು ತುಂಬಿದವರಿಗೆ ಈ ದೇಶವು 1989ರಿಂದ ಮತದಾನದ ಹಕ್ಕನ್ನು ಕೊಟ್ಟಿದೆ. ಮಂತ್ರಿಮಂಡಲವನ್ನು ಉರುಳಿಸುವಷ್ಟು ಪಕ್ವವಾದ ಬುದ್ಧಿಯು ಹಾಸ್ಟೆಲಿನ ಬಾಗಿಲಿನ ವೇಳೆಯ ವಿಚಾರಕ್ಕೆ ಮಾತ್ರ ಹಸಿಯಾಗಿಬಿಡುವುದು ಹೇಗೆ?

‘ನೀವಿನ್ನೂ ಪಕ್ವರಾಗಿಲ್ಲ’ ಎಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. ಪರಕೀಯ ಪ್ರಭುತ್ವವು ಎರಡು ತಲೆಮಾರುಗಳ ಕಾಲ ನಮಗೆ ಹೇಳಿದ ಮಾತೇ ಇದು. ನಿಮ್ಮ ರಕ್ಷಣೆಗಾಗಿಯೇ ನಾವಿದ್ದೇವೆ, ಯೋಗ್ಯತೆ ಬಂದಾಗ ಅಧಿಕಾರವು ಕಂತುಕಂತಾಗಿ ಬರುವುದು ಎಂದು ಅವರು ಸಮಾಧಾನ ಹೇಳಿದರು. 1927ರಲ್ಲಿ ನಮ್ಮ ಯೋಗ್ಯತೆಯನ್ನು ಅಳೆಯಲು ನೇಮಕವಾದ ಸೈಮನ್ ಆಯೋಗದ ಏಳು ಮಂದಿ ಸದಸ್ಯರಲ್ಲಿ ಭಾರತೀಯನು ಒಬ್ಬನೂ ಇರಲಿಲ್ಲ. ದೇಶವು ಕಪ್ಪು ಬಾವುಟ ಹಿಡಿದದ್ದು ಆ ಆಯೋಗವು ಏನು ಬರೆದೀತೆಂಬ ಭಯದಿಂದಲ್ಲ. ನಮ್ಮ ವಿಷಯವನ್ನು ನಮ್ಮನ್ನು ಬಿಟ್ಟು ತೀರ್ಮಾನಿಸುವುದೇ ಅಪಮಾನವೆಂದು. ಇಂದು ಹೆಣ್ಣುಮಕ್ಕಳ ನಿಲಯಗಳ ಕಟ್ಟಳೆಗಳನ್ನು ಬರೆಯುವ ಸಮಿತಿಗಳನ್ನು ಒಮ್ಮೆ ನೋಡಿರಿ. ಅವುಗಳಲ್ಲಿ ಎಷ್ಟರಲ್ಲಿ ನಿಲಯವಾಸಿಯಾದ ಒಬ್ಬ ಹುಡುಗಿಗಾದರೂ ಕುರ್ಚಿಯಿದೆ? ಸ್ವರಾಜ್ಯದ ಅರ್ಥವನ್ನು ಪಠ್ಯಪುಸ್ತಕದಲ್ಲಿ ಓದಿಸಿ, ಅದೇ ಸಂಜೆ ಅದಕ್ಕೆ ಬೀಗ ಹಾಕುವುದು ಶಿಕ್ಷಣವೆನಿಸಲಾರದು.

ಇನ್ನು ಸಮುದಾಯಗಳ ಪಾತ್ರವನ್ನು ಕುರಿತು ಎರಡು ಮಾತು. ಕನ್ನಡ ನಾಡಿನಲ್ಲಿ ಬಡ ಹುಡುಗರು ವಿದ್ಯಾವಂತರಾದದ್ದು ಸರಕಾರದ ಹಣವೊಂದರಿಂದಲ್ಲ, ಸಮಾಜದ ಅನ್ನದಿಂದ. ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಕಥೆಯನ್ನು ನಮ್ಮ ಹಿರಿಯರು ಬಲ್ಲರು. ಆ ಪಂಕ್ತಿಗೆ ಸೇರದ ಜಾತಿಗಳವರು ತಮ್ಮ ಮಕ್ಕಳಿಗಾಗಿ ತಾವೇ ಏರ್ಪಾಡು ಮಾಡಿಕೊಂಡರು. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾನಿಧಿ ಸಂಸ್ಥೆಯೂ, 1906ರಲ್ಲಿ ಒಕ್ಕಲಿಗರ ಸಂಘವೂ ಹುಟ್ಟಿದವು. ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದವು. ಈ ಉಪಕಾರವನ್ನು ನಾಡು ಮರೆಯಲಾರದು. ಆದರೆ ಇದರ ಫಲವು ಬಹುಮಟ್ಟಿಗೆ ಗಂಡುಮಕ್ಕಳಿಗೇ ದಕ್ಕಿತೆಂಬುದನ್ನೂ ಒಪ್ಪಬೇಕು. ದಿನಕ್ಕೊಂದು ಅಪರಿಚಿತರ ಮನೆಗೆ ಊಟಕ್ಕೆ ಹೆಣ್ಣುಮಗಳನ್ನು ಯಾವ ತಾಯಿ ಕಳುಹಿಸಿಯಾಳು? ಬಡವನ ಮಗನನ್ನು ಮೇಲಕ್ಕೆತ್ತಿದ ಏಣಿಯು ಬಡವನ ಮಗಳ ಕಾಲಿಗೆ ನಿಲುಕಲೇ ಇಲ್ಲ. ಸಮುದಾಯವು ಮಗನನ್ನು ತನ್ನ ಭವಿಷ್ಯವೆಂದೂ ಮಗಳನ್ನು ತನ್ನ ಮಾನವೆಂದೂ ಎಣಿಸಿತು. ಭವಿಷ್ಯವನ್ನು ಬೆಳೆಸುತ್ತಾರೆ, ಮಾನವನ್ನು ಬಚ್ಚಿಡುತ್ತಾರೆ. ಇಂದಿನ ಹಾಸ್ಟೆಲಿನ ಬೀಗವು ಆ ಹಳೆಯ ಎಣಿಕೆಯ ಉಳಿಕೆಯೇ ಅಲ್ಲವೇ?

ತಂದೆತಾಯಂದಿರ ಭಯವು ಸುಳ್ಳೆಂದು ನಾವು ಹೇಳುವುದಿಲ್ಲ. ಬೀದಿಯು ನಿರ್ಭಯವಾಗಿಲ್ಲ; 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರವನ್ನು ದೇಶವು ಮರೆತಿಲ್ಲ. ಆದರೆ ಬೀದಿಯಲ್ಲಿ ಕಳ್ಳನಿದ್ದರೆ ಪೊಲೀಸನು ಹಿಡಿಯಬೇಕಾದುದು ಕಳ್ಳನನ್ನು, ದಾರಿಹೋಕನನ್ನಲ್ಲ. ದಾರಿಗೆ ದೀಪವಿದೆಯೇ, ಪುಸ್ತಕಾಲಯದಿಂದ ನಿಲಯಕ್ಕೆ ಕಾವಲಿದೆಯೇ ಎಂದು ವಿಚಾರಿಸುವುದು ಶ್ರಮದ ಮತ್ತು ಖರ್ಚಿನ ಕೆಲಸ. ಬಾಗಿಲಿಗೆ ಬೀಗ ಹಾಕುವುದು ಅಗ್ಗದ ಕೆಲಸ. ಅಗ್ಗದ ಉಪಾಯಕ್ಕೆ ರಕ್ಷಣೆಯೆಂಬ ದೊಡ್ಡ ಹೆಸರಿಟ್ಟು ನಾವು ನಿದ್ರೆಹೋಗುತ್ತಿದ್ದೇವೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣವು ಉಚಿತವಾಯಿತು. ಟಿಕೀಟಿನ ಹಣ ಉಳಿಯಿತು. ಆದರೆ ಸಂಜೆಯ ಪ್ರಯೋಗಶಾಲೆ ಮುಗಿಯುವ ಮುನ್ನವೇ ಹಳ್ಳಿಯ ಕೊನೆಯ ಬಸ್ಸು ಹೊರಟುಹೋದರೆ ಆ ಹುಡುಗಿಗೆ ಆದ ಪ್ರಯೋಜನವೇನು?

ಈ ವಿಷಯದಲ್ಲಿ ಕಾನೂನು ನಮ್ಮ ರೂಢಿಗಿಂತ ಮುಂದಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2015ರ ನಿಯಮಾವಳಿಯು, ಸುರಕ್ಷತೆಯ ನೆಪದಿಂದ ಹೆಣ್ಣುಮಕ್ಕಳ ನಿಲಯಗಳಲ್ಲಿ ಹುಡುಗರಿಗಿಲ್ಲದ ಕಟ್ಟಳೆಗಳನ್ನು ಹೇರಕೂಡದೆಂದು ಸ್ಪಷ್ಟವಾಗಿ ವಿಧಿಸಿದೆ. ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಯಲ್ಲಿ, ವಿಷಯವು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ, ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಇರಬೇಕೆಂದು ಅದೇ ನಿಯಮಾವಳಿಯು ಹೇಳುತ್ತದೆ. ಕಾಗದದ ಮೇಲಿನ ಈ ವಿಧಿಯು ನಮ್ಮ ಕಾಲೇಜುಗಳ ಸೂಚನಾಫಲಕದವರೆಗೆ ಬರುವುದು ಯಾವಾಗ?

ನಾವು ಅಧಿಕಾರಿಗಳಲ್ಲಿಯೂ ಆಡಳಿತ ಮಂಡಲಿಗಳಲ್ಲಿಯೂ ಕೇಳಿಕೊಳ್ಳುವುದು ಹೆಚ್ಚಿನದೇನೂ ಅಲ್ಲ. ನಿಲಯದ ವೇಳೆಯು ಹುಡುಗರಿಗೂ ಹುಡುಗಿಯರಿಗೂ ಒಂದೇ ಆಗಿರಲಿ. ಕಟ್ಟಳೆ ಬರೆಯುವ ಸಮಿತಿಯಲ್ಲಿ ಆ ಕಟ್ಟಳೆಗೆ ಒಳಪಡುವವರು ಆರಿಸಿದ ಪ್ರತಿನಿಧಿಗಳಿರಲಿ. ಪುಸ್ತಕಾಲಯವು ಎಷ್ಟು ಹೊತ್ತು ತೆರೆದಿರುವುದೋ ಅಷ್ಟು ಹೊತ್ತು ಅದರ ದಾರಿಯಲ್ಲಿ ದೀಪವೂ ಕಾವಲೂ ಇರಲಿ. ಜಾತಿ ಮತಗಳ ಹೆಸರಿನಲ್ಲಿ ನಿಲಯ ನಡೆಸುವ ಸಂಘಗಳು ಮತ್ತು ಮಠಗಳು, ತಮ್ಮಲ್ಲಿ ಹುಡುಗರಿಗೆಷ್ಟು ಹಾಸಿಗೆ, ಹುಡುಗಿಯರಿಗೆಷ್ಟು ಹಾಸಿಗೆ ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ತಮ್ಮ ಸದಸ್ಯರ ಮುಂದೆ ಇಡಲಿ. ಆ ಲೆಕ್ಕವನ್ನು ಓದಿ ಹೇಳುವಾಗ ಕಾರ್ಯದರ್ಶಿಗೆ ಸಂಕೋಚವಾದರೆ, ಸುಧಾರಣೆಯು ಅಲ್ಲಿಂದಲೇ ಮೊದಲಾಗುವುದು.

ಮನೆಯೊಡೆಯರಾದ ವಾಚಕರಿಗೂ ಒಂದು ವಿಜ್ಞಾಪನೆ. ರಜೆಯಲ್ಲಿ ಊರಿಗೆ ಬಂದ ಮಗಳನ್ನು ಅಂಕಗಳೆಷ್ಟೆಂದು ಕೇಳಿದ ಬಳಿಕ, ಅಲ್ಲಿಯ ನಿಯಮಗಳನ್ನು ಕುರಿತು ಅವಳ ಅಭಿಪ್ರಾಯವೇನೆಂದು ಒಮ್ಮೆ ಕೇಳಿ ನೋಡಿರಿ. ಅವಳ ಉತ್ತರವು ನಿಮಗೆ ಒಪ್ಪಿಗೆಯಾಗದಿರಬಹುದು. ಆದರೂ ಅದು ಯೋಚಿಸಿ ಕೊಟ್ಟ ಉತ್ತರವಾಗಿದ್ದರೆ, ನೀವು ಕಟ್ಟಿದ ಫೀಜು ವ್ಯರ್ಥವಾಗಿಲ್ಲವೆಂದು ತಿಳಿಯಿರಿ.

ವಿಜಯಪುರದಲ್ಲಿ 2003ರಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾನಿಲಯಕ್ಕೆ 2017ರಲ್ಲಿ ನಾವು ಅಕ್ಕಮಹಾದೇವಿಯ ಹೆಸರನ್ನಿಟ್ಟೆವು. ಉಡುತಡಿಯಿಂದ ಕಲ್ಯಾಣಕ್ಕೆ ಒಂಟಿಯಾಗಿ ನಡೆದುಬಂದು, ಅನುಭಾವಿಗಳ ಸಭೆಯಲ್ಲಿ ಅಲ್ಲಮನ ಪ್ರಶ್ನೆಗಳಿಗೆ ತಲೆಯೆತ್ತಿ ಉತ್ತರ ಕೊಟ್ಟವಳು ಆಕೆ. ಹನ್ನೆರಡನೆಯ ಶತಮಾನದ ಕಲ್ಯಾಣವು ಅವಳನ್ನು ಪ್ರಶ್ನಿಸಿತು, ಪರೀಕ್ಷಿಸಿತು. ಆದರೆ ಹೊರಗೆ ನಿಲ್ಲಿಸಲಿಲ್ಲ, ಒಳಗೆ ಕೂಡಿಹಾಕಲೂ ಇಲ್ಲ. ಅವಳ ಹೆಸರನ್ನು ಹೆಮ್ಮೆಯಿಂದ ಹೇಳುವ ನಾಡು ಅಷ್ಟು ಔದಾರ್ಯವನ್ನು ತನ್ನ ಹೆಣ್ಣುಮಕ್ಕಳಿಗೆ ತೋರಿಸಲಾರದೇ?