ಜಾಹೀರಾತಿನ ಹಣ ಗಿರಾಕಿಗೆ ತಲುಪುತ್ತಿದೆಯೇ, ಕಳ್ಳ ಕ್ಲಿಕ್ಕಿಗೆ ಹೋಗುತ್ತಿದೆಯೇ?

ಟಿಳಕವಾಡಿ (ಬೆಳಗಾವಿ): ಹಿಂದೆ ಟಿಳಕವಾಡಿ, ಶಹಾಪುರ, ಖಡೇಬಜಾರ ಭಾಗದ ಅಂಗಡಿಕಾರರಿಗೆ ಜಾಹೀರಾತು ಎಂದರೆ ದಿನಪತ್ರಿಕೆ, ಕರಪತ್ರ, ಕೇಬಲ್ ಟಿವಿ ಮತ್ತು ಧ್ವನಿವರ್ಧಕ ಕಟ್ಟಿದ ರಿಕ್ಷಾ. ಹಣ ಕೊಟ್ಟವರು ಮರುದಿನ ಪತ್ರಿಕೆ ಬಿಡಿಸಿ ತಮ್ಮ ಜಾಹೀರಾತನ್ನು ಕಣ್ಣಾರೆ ನೋಡುತ್ತಿದ್ದರು. ಈಗ ದೀಪಾವಳಿ, ಅಕ್ಷಯ ತೃತೀಯಾ, ಲಗ್ನದ ಹಂಗಾಮು ಬಂತೆಂದರೆ ಆ ಹಣದ ದೊಡ್ಡ ಪಾಲು ಗೂಗಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕಡೆಗೆ ಹೋಗುತ್ತದೆ. ಜಾಹೀರಾತು ಯಾರ ಮೊಬೈಲಿನಲ್ಲಿ ಕಂಡಿತು, ಅದನ್ನು ಒತ್ತಿದ್ದು ಮನುಷ್ಯನೋ ಯಂತ್ರವೋ ಎಂಬುದು ಹಣ ಕೊಟ್ಟವರ ಕಣ್ಣಿಗೆ ಬೀಳುವುದಿಲ್ಲ. ಮೋಸಕ್ಕೆ ದಾರಿಯಾಗಿರುವುದು ಇದೇ.

ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಸೀರೆ ಅಂಗಡಿಯೊಂದು ತಿಂಗಳಿಗೆ 15,000 ರೂಪಾಯಿ ಜಾಹೀರಾತಿಗೆ ಇಡುತ್ತದೆ ಎನ್ನೋಣ. ಒಂದು ಕ್ಲಿಕ್ಕಿಗೆ 12 ರೂಪಾಯಿಯಾದರೆ 1,250 ಕ್ಲಿಕ್ ಸಿಗುತ್ತವೆ. ಅದರಲ್ಲಿ ಐದಕ್ಕೆ ಒಂದು ಸುಳ್ಳಾದರೂ ತಿಂಗಳಿಗೆ 3,000, ವರ್ಷಕ್ಕೆ 36,000 ರೂಪಾಯಿ ನೀರಿಗೆ ಹೋದಂತೆ. ಮೇಲೆ ಶೇ. 18 ಜಿಎಸ್‌ಟಿ ಬೇರೆ. ಗಲ್ಲಾದಿಂದ ಹತ್ತು ರೂಪಾಯಿ ಕಡಿಮೆಯಾದರೆ ರಾತ್ರಿ ಕುಳಿತು ಹುಡುಕುವ ವ್ಯಾಪಾರಸ್ಥರು ಈ ಸೋರಿಕೆಯನ್ನು ಗಮನಿಸುವುದೇ ಇಲ್ಲ.

ಇದು ಹೊಸ ರೋಗವಲ್ಲ. ಮನೆಯಲ್ಲಿ ಕುಳಿತು ಅಂತರ್ಜಾಲದ ಜಾಹೀರಾತುಗಳನ್ನು ಒತ್ತಿ ಹಣ ಗಳಿಸುವವರ ಬಗ್ಗೆ 2004ರ ಮೇ ತಿಂಗಳಲ್ಲೇ ಟೈಮ್ಸ್ ಆಫ್ ಇಂಡಿಯಾ ವರದಿ ಮಾಡಿತ್ತು. ಗೃಹಿಣಿಯರು, ಪದವೀಧರರು ಈ ಕೆಲಸಕ್ಕೆ ಇಳಿದಿದ್ದರು. 2005ರಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದ ಲೇನ್ಸ್ ಗಿಫ್ಟ್ಸ್ ಎಂಬ ಕಾಣಿಕೆ ವಸ್ತುಗಳ ಅಂಗಡಿ, ಸುಳ್ಳು ಕ್ಲಿಕ್ಕಿಗೂ ಹಣ ವಸೂಲಿ ಮಾಡಲಾಗಿದೆ ಎಂದು ಗೂಗಲ್ ಮತ್ತಿತರ ಕಂಪನಿಗಳ ಮೇಲೆ ದಾವೆ ಹೂಡಿತು. ಮರುವರ್ಷ ಗೂಗಲ್ 9 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿತು. ಜಾಹೀರಾತುದಾರರ ಪಾಲು ಸಿಕ್ಕಿದ್ದು ನಗದಾಗಿ ಅಲ್ಲ, ಮುಂದಿನ ಜಾಹೀರಾತಿಗೆ ಜಮೆಯಾಗಿ. ಸಣ್ಣ ಅಂಗಡಿಯೂ ಲೆಕ್ಕ ಕೇಳಬಹುದು ಎಂಬುದಕ್ಕೆ ಇದು ಸಾಕ್ಷಿ.

ಮುಂದೆ ಮನುಷ್ಯರ ಜಾಗಕ್ಕೆ ಯಂತ್ರ ಬಂದಿತು. ‘ಮೆಥ್‌ಬಾಟ್’ ಎಂಬ ಹೆಸರಿನ ಜಾಲದಲ್ಲಿ ಅಲೆಕ್ಸಾಂಡರ್ ಝುಕೋವ್ ಮತ್ತು ಸಂಗಡಿಗರು 1,900ಕ್ಕೂ ಹೆಚ್ಚು ಸರ್ವರ್‌ಗಳನ್ನು ಬಾಡಿಗೆಗೆ ಹಿಡಿದು, ಅವುಗಳೇ ಮನುಷ್ಯರಂತೆ ಜಾಲತಾಣ ನೋಡುವ, ಮೌಸ್ ಆಡಿಸುವ, ವಿಡಿಯೋ ನಿಲ್ಲಿಸುವ ನಾಟಕ ಮಾಡಿಸಿದರು. ಹೆಸರುವಾಸಿ ಜಾಲತಾಣಗಳ ನಕಲು ವಿಳಾಸಗಳನ್ನೂ ಬಳಸಿದರು. ಜಾಹೀರಾತು ಕೊಟ್ಟವರಿಂದ 70 ಲಕ್ಷ ಡಾಲರ್‌ಗೂ ಹೆಚ್ಚು ಹಣ ಹೋಯಿತು. 2021ರ ನವೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಝುಕೋವ್‌ಗೆ 10 ವರ್ಷ ಜೈಲು ವಿಧಿಸಿತು.

ದೊಡ್ಡ ಕಂಪನಿಗಳೂ ಪಾಠ ಕಲಿತಿವೆ. ಸಾಬೂನು, ಡಿಟರ್ಜೆಂಟ್ ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ 2017ರಲ್ಲಿ ಸುಮಾರು 20 ಕೋಟಿ ಡಾಲರ್ ಡಿಜಿಟಲ್ ಜಾಹೀರಾತನ್ನು ಕಡಿತ ಮಾಡಿತು. ಬಾಟ್‌ಗಳ ಕಾಟವೂ ಅದಕ್ಕೆ ಒಂದು ಕಾರಣ. ಅದರಿಂದ ವ್ಯಾಪಾರಕ್ಕೆ ಪೆಟ್ಟು ಬೀಳಲಿಲ್ಲ ಎಂದು ಕಂಪನಿಯೇ ಹೇಳಿತು. ಹೆಚ್ಚು ಖರ್ಚು ಎಂದರೆ ಹೆಚ್ಚು ಗಿರಾಕಿ ಎಂಬ ನಂಬಿಕೆ ಎಲ್ಲ ಕಾಲಕ್ಕೂ ನಿಜವಲ್ಲ.

ಹಾಗೆಂದು ಮಾರಾಟವಾಗದ ಪ್ರತಿಯೊಂದು ಕ್ಲಿಕ್ಕೂ ಮೋಸವಲ್ಲ. ಅಂಗಡಿಗೆ ಬಂದು ನಾಲ್ಕು ಸೀರೆ ಬಿಡಿಸಿ ನೋಡಿ ಬರಿಗೈಯಲ್ಲಿ ಹೋಗುವ ಗಿರಾಕಿ ಮೊದಲಿನಿಂದಲೂ ಇದ್ದಾನೆ. ಗೂಗಲ್ ಕೂಡ ತನಗೆ ಗೊತ್ತಾದ ಸುಳ್ಳು ಕ್ಲಿಕ್ಕುಗಳಿಗೆ ಹಣ ಹಿಡಿಯುವುದಿಲ್ಲ, ಅವುಗಳನ್ನು ‘ಇನ್‌ವ್ಯಾಲಿಡ್ ಕ್ಲಿಕ್ಸ್’ ಎಂದು ಬೇರೆ ತೋರಿಸುತ್ತದೆ. ಪ್ರಶ್ನೆ ಇರುವುದು ಜರಡಿಯಿಂದ ತಪ್ಪಿಸಿಕೊಂಡವುಗಳದ್ದು. ರಾತ್ರಿ ಎರಡರಿಂದ ನಾಲ್ಕರ ನಡುವೆ ಕ್ಲಿಕ್ ಸುರಿಮಳೆ, ವ್ಯಾಪಾರವೇ ಇಲ್ಲದ ದೂರದ ಊರುಗಳಿಂದ ಭೇಟಿ, ಬಂದ ಕ್ಷಣವೇ ಹೊರಟುಹೋಗುವ ನೋಡುಗರು, ಕ್ಲಿಕ್ ದುಪ್ಪಟ್ಟಾದರೂ ಹೆಚ್ಚದ ಫೋನ್ ಕರೆಗಳು, ಫಾರ್ಮಿನಲ್ಲಿ ಚಾಲ್ತಿಯಲ್ಲಿಲ್ಲದ ಮೊಬೈಲ್ ನಂಬರ್‌ಗಳು: ಇಂಥವು ಒಟ್ಟಿಗೆ ಕಂಡರೆ ಎಚ್ಚರವಾಗಬೇಕು. ಆದರೆ ಪುರಾವೆ ಇಲ್ಲದೆ ಎದುರಿನ ಅಂಗಡಿಯವರೇ ಒತ್ತಿಸುತ್ತಿದ್ದಾರೆ ಎಂದು ದೂರುವುದು ಸರಿಯಲ್ಲ.

ಬಂದೋಬಸ್ತಿನ ಮೊದಲ ಹೆಜ್ಜೆ, ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡುವುದು. ಜಾಹೀರಾತು ನಡೆಸಿಕೊಡುವ ಏಜೆನ್ಸಿಯು ತನ್ನದೇ ಖಾತೆಯಲ್ಲಿ ಎಲ್ಲವನ್ನೂ ಮಾಡಿ, ತಿಂಗಳ ಕೊನೆಗೆ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದರೆ ಅದು ಲೆಕ್ಕವಲ್ಲ. ಖಾತೆ ಅಂಗಡಿಯ ಹೆಸರಿನಲ್ಲೇ ಇರಬೇಕು, ಏಜೆನ್ಸಿಗೆ ಅದರೊಳಗೆ ಕೆಲಸ ಮಾಡುವ ಅನುಮತಿ ಮಾತ್ರ ಕೊಡಬೇಕು. ಗೂಗಲ್ ಮತ್ತು ಮೆಟಾ ಎರಡರಲ್ಲೂ ಈ ವ್ಯವಸ್ಥೆ ಇದೆ. ಬಿಲ್ ಅಂಗಡಿಯ ಜಿಎಸ್‌ಟಿ ನಂಬರಿಗೇ ಬರಲಿ. ಆಗ ನಿಜವಾಗಿ ಖರ್ಚಾದದ್ದೆಷ್ಟು, ಏಜೆನ್ಸಿಯ ಕೂಲಿ ಎಷ್ಟು ಎಂಬುದು ಬೇರೆ ಬೇರೆ ಕಾಣುತ್ತದೆ.

ಎರಡನೆಯದು ಊರಿನ ಆಯ್ಕೆ. ಗೂಗಲ್‌ನಲ್ಲಿ ‘ಆ ಊರಿನಲ್ಲಿ ಇರುವವರು’ ಮತ್ತು ‘ಆ ಊರಿನ ಬಗ್ಗೆ ಆಸಕ್ತಿ ಇರುವವರು’ ಎಂಬ ಭೇದವಿದೆ. ಸಾಮಾನ್ಯವಾಗಿ ಎರಡನ್ನೂ ಸೇರಿಸಿದ ಆಯ್ಕೆಯೇ ಮೊದಲು ಇರುತ್ತದೆ. ಟಿಳಕವಾಡಿಯ ಅಂಗಡಿಗೆ ಬೆಳಗಾವಿ, ಖಾನಾಪುರ, ಗಡಿಯಾಚೆಯ ಚಂದಗಡದ ಗಿರಾಕಿ ಬೇಕು. ಖಾನಾಪುರದ ಕಾಡಂಚಿನ ಹೋಮ್‌ಸ್ಟೇಗೆ ಗೋವಾ, ಪುಣೆ, ಹುಬ್ಬಳ್ಳಿಯವರು ಬೇಕು. ಗಿರಾಕಿ ಎಲ್ಲಿಂದ ಬರುತ್ತಾನೆ ಎಂಬುದು ಮಾಲೀಕರಿಗೇ ಗೊತ್ತು, ಅದನ್ನು ಏಜೆನ್ಸಿಯ ಹುಡುಗನಿಗೆ ಬಿಡಬಾರದು.

ಮೂರನೆಯದು ಜಾಹೀರಾತು ಕಾಣುವ ಜಾಗ. ಹುಡುಕಾಟದ ಜಾಹೀರಾತಿನ ಜೊತೆಗೆ ‘ಡಿಸ್‌ಪ್ಲೇ ನೆಟ್‌ವರ್ಕ್’, ‘ಸರ್ಚ್ ಪಾರ್ಟ್‌ನರ್ಸ್’ ಎಂಬವು ಸೇರಿಕೊಂಡಿರಬಹುದು. ಮೆಟಾದಲ್ಲಿ ‘ಆಡಿಯನ್ಸ್ ನೆಟ್‌ವರ್ಕ್’ ಇದೆ. ಇವು ಜಾಹೀರಾತನ್ನು ಬೇರೆಯವರ ಜಾಲತಾಣ, ಆ್ಯಪ್, ಆಟಗಳಲ್ಲಿ ತೋರಿಸುತ್ತವೆ. ಸಣ್ಣ ಬಂಡವಾಳದವರು ಮೊದಲು ಇವನ್ನು ತೆಗೆದಿಟ್ಟು ನೋಡುವುದು ಒಳ್ಳೆಯದು. ದಿನದ ಖರ್ಚಿಗೆ ಮಿತಿ, ಅಂಗಡಿ ತೆರೆದಿರುವ ವೇಳೆಗೆ ಮಾತ್ರ ಜಾಹೀರಾತು ಎಂಬ ಕಟ್ಟುಪಾಡೂ ಇರಲಿ.

ನಾಲ್ಕನೆಯದು ಎಲ್ಲಕ್ಕಿಂತ ಹಳೆಯ ಉಪಾಯ: ಕೀರ್ದಿ. ಬಂದ ಪ್ರತಿ ಹೊಸ ಗಿರಾಕಿಯನ್ನು ‘ನಮ್ಮ ಅಂಗಡಿ ಹೇಗೆ ಗೊತ್ತಾಯಿತು?’ ಎಂದು ಕೇಳಿ ಬರೆದಿಡಬೇಕು. ತಿಂಗಳ ಕೊನೆಗೆ ಜಾಹೀರಾತಿನ ಖರ್ಚನ್ನು ಕ್ಲಿಕ್ಕಿನಿಂದ ಭಾಗಿಸದೆ, ಅದರಿಂದ ಬಂದ ಗಿರಾಕಿಗಳ ಸಂಖ್ಯೆಯಿಂದ ಭಾಗಿಸಬೇಕು. 15,000 ರೂಪಾಯಿಗೆ 30 ಗಿರಾಕಿ ಬಂದರೆ ತಲೆಗೆ 500. ಆ ವ್ಯಾಪಾರದ ಲಾಭದಲ್ಲಿ ಇದು ನಿಲ್ಲುತ್ತದೆಯೇ ಎಂಬುದಕ್ಕೆ ಯಾವ ಕಂಪ್ಯೂಟರೂ ಬೇಡ. ಬಾಟ್ ಸಾವಿರ ಸಲ ಕ್ಲಿಕ್ ಮಾಡಬಹುದು, ಆದರೆ ಅಂಗಡಿಯ ಮೆಟ್ಟಿಲು ಹತ್ತಲಾರದು.

ಇದಕ್ಕೆ ಮನೆಯ ಮಕ್ಕಳ ಕಡೆಯ ಮುಖವೂ ಇದೆ. ‘ಮನೆಯಲ್ಲೇ ಕುಳಿತು ವಿಡಿಯೋ ಲೈಕ್ ಮಾಡಿ, ರಿವ್ಯೂ ಬರೆಯಿರಿ, ದಿನಕ್ಕೆ ಇಷ್ಟು ಗಳಿಸಿ’ ಎಂಬ ಸಂದೇಶಗಳು ಟೆಲಿಗ್ರಾಂ, ವಾಟ್ಸಾಪಿನಲ್ಲಿ ಬರುತ್ತಲೇ ಇವೆ. ಮೊದಲು ಐವತ್ತು-ನೂರು ರೂಪಾಯಿ ಕೊಟ್ಟು ನಂಬಿಸಿ, ಬಳಿಕ ‘ಟಾಸ್ಕ್’ ಹೆಸರಿನಲ್ಲಿ ಸಾವಿರ, ಲಕ್ಷ ಕಟ್ಟಿಸಿಕೊಳ್ಳುವುದು ಇದರ ರೀತಿ. ಕೆಲವರು ಬ್ಯಾಂಕ್ ಖಾತೆಯನ್ನೇ ಬಾಡಿಗೆಗೆ ಕೇಳುತ್ತಾರೆ, ಕೊಟ್ಟವರು ಪೊಲೀಸ್ ತನಿಖೆಗೆ ಸಿಲುಕುತ್ತಾರೆ. ಸುಳ್ಳು ತೂಕ-ಅಳತೆ, ಅಸಲಿನ ಹೆಸರಿನಲ್ಲಿ ನಕಲಿ ಮಾರುವುದು, ಇವೆರಡೂ ಅಚೌರ್ಯ ಅಣುವ್ರತದ ಅತಿಚಾರಗಳೆಂದು ಶ್ರಾವಕರಿಗೆ ತಿಳಿದೇ ಇದೆ. ಸುಳ್ಳು ಕ್ಲಿಕ್, ಸುಳ್ಳು ರಿವ್ಯೂ ಅದೇ ಸುಳ್ಳು ತೂಕದ ಹೊಸ ರೂಪ.

ಮೋಸವಾದುದು ಖಚಿತವಾದರೆ ದಿನಾಂಕ, ವೇಳೆ, ಬಿಲ್ ಸಹಿತ ಜಾಹೀರಾತು ಕಂಪನಿಗೆ ತಡಮಾಡದೆ ದೂರು ಕೊಟ್ಟು ತನಿಖೆ ಕೇಳಬೇಕು. ಹಣವನ್ನೇ ವಂಚಿಸಿದ್ದರೆ 1930 ಸಹಾಯವಾಣಿಗೆ ತಕ್ಷಣ ಕರೆ ಮಾಡಬೇಕು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಬೇಕು. ಬೆಳಗಾವಿ ನಗರದಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ. ಮರ್ಯಾದೆಗೆ ಅಂಜಿ ಸುಮ್ಮನಿರುವುದರಿಂದ ಮುಂದಿನ ಅಂಗಡಿಗೂ ಅದೇ ಗತಿಯಾಗುತ್ತದೆ.

ಡಿಜಿಟಲ್ ಜಾಹೀರಾತನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಹೊಸ ಪೀಳಿಗೆಯ ಗಿರಾಕಿ ಇರುವುದೇ ಮೊಬೈಲಿನಲ್ಲಿ. ಮೊಬೈಲ್ ಬಲ್ಲ ಮಗ, ಸೊಸೆ ಅಥವಾ ಮೊಮ್ಮಗಳು ಮತ್ತು ಲೆಕ್ಕ ಬಲ್ಲ ಹಿರಿಯರು ತಿಂಗಳಿಗೆ ಒಂದು ಸಂಜೆ ಜೊತೆಗೆ ಕುಳಿತು ಖಾತೆ ತೆರೆದು ನೋಡಿದರೆ, ಅರ್ಧ ಸೋರಿಕೆ ಅಲ್ಲೇ ಕಣ್ಣಿಗೆ ಬೀಳುತ್ತದೆ.