ಬಟನ್ನಿನ ವಂಶವೃಕ್ಷ

ಆಂಡ್ರಾಯ್ಡ್ ಫೋನಿನ ತೆರೆಯ ಮೇಲೆ ಕಾಣುವ ಬಟನ್, ಪ್ರೋಗ್ರಾಮ್ ಬರೆಯುವವರ ಲೆಕ್ಕದಲ್ಲಿ, ಟೆಕ್ಸ್ಟ್‌ವ್ಯೂ ಎಂಬ ಕ್ಲಾಸಿನ ಮಗು. ಮೊದಲು ಅದು ಅಕ್ಷರ ತೋರಿಸುವ ಫಲಕ, ಆಮೇಲೆ ಒತ್ತುವ ಸಾಧನ. ಚೆಕ್‌ಬಾಕ್ಸ್ ಆ ಬಟನ್ನಿನ ಮೊಮ್ಮಗು. ಅಕ್ಷರದ ಬದಲು ಚಿತ್ರವಿರುವ ಇಮೇಜ್‌ಬಟನ್ ಇದೆಯಲ್ಲ, ಅದಕ್ಕೂ ಬಟನ್ನಿಗೂ ಮಾತ್ರ ತಂದೆ-ಮಕ್ಕಳ ಸಂಬಂಧವಿಲ್ಲ. ಅದು ಇಮೇಜ್‌ವ್ಯೂ ಮನೆತನದ್ದು. ಬಳಸುವವರ ಬೆರಳಿಗೆ ಎರಡೂ ಒಂದೇ, ಕೋಡಿನಲ್ಲಿ ದೂರದ ದಾಯಾದಿಗಳು.

ಇದು ಒಂದು ಕಂಪನಿಯ ಎಡವಟ್ಟೆಂದು ತಳ್ಳಿಹಾಕುವಂತಿಲ್ಲ. ವಿಂಡೋಸ್‌ನಲ್ಲಿ ನಾಲ್ಕಾರು ಆಯ್ಕೆಗಳ ಸುತ್ತ ಎಳೆದಿರುವ ಗೆರೆಯ ಚೌಕಟ್ಟು, ಅಂದರೆ ಒತ್ತಲು ಬಾರದ ಗ್ರೂಪ್‌ಬಾಕ್ಸ್, ‘ಬಟನ್’ ಎಂಬ ಜಾತಿಯಲ್ಲೇ ನೋಂದಣಿಯಾಗಿದೆ. ಜಾವಾದ ಸ್ವಿಂಗ್‌ನಲ್ಲಿ ಜೆಬಟನ್ನಿನ ಪೂರ್ವಜರ ಸಾಲಿನಲ್ಲಿ ಕಂಟೇನರ್ ಬರುತ್ತದೆ. ಹಾಗಾಗಿ ಬಟನ್ನಿನ ಹೊಟ್ಟೆಯೊಳಗೆ ಒಂದು ಸ್ಲೈಡರ್ ತುರುಕಿದರೂ ಕಂಪೈಲರ್ ಚಕಾರ ಎತ್ತುವುದಿಲ್ಲ. ಯಾವ ಟೂಲ್‌ಕಿಟ್ ತೆರೆದು ನೋಡಿದರೂ ಇಂಥದೊಂದು ವಿಚಿತ್ರ ನೆಂಟಸ್ತನ ಸಿಕ್ಕೇ ಸಿಗುತ್ತದೆ.

ಆದರೂ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನ ದೊಡ್ಡ ಗೆಲುವು ಯಾವುದು ಎಂದು ಕೇಳಿದರೆ ಎಲ್ಲರೂ ತೋರಿಸುವುದು ಈ ಕಿಟಕಿ, ಮೆನು, ಬಟನ್‌ಗಳ ಲೋಕವನ್ನೇ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪಾಠದಲ್ಲಿ ಮೊದಲ ವಾರ ‘ನಾಯಿ ಒಂದು ಪ್ರಾಣಿ’ ಎಂದು ಇನ್‌ಹೆರಿಟೆನ್ಸ್ ಕಲಿಸುತ್ತಾರೆ, ಸೆಮಿಸ್ಟರಿನ ಕೊನೆಗೆ ‘ಬಟನ್ ಒಂದು ಕಾಂಪೊನೆಂಟ್’ ಎಂಬಲ್ಲಿಗೆ ತಂದು ನಿಲ್ಲಿಸುತ್ತಾರೆ. ಹುಡುಗರು ವಂಶಾವಳಿಯೇ ಮುಖ್ಯ ಎಂದುಕೊಂಡು ಹೊರಬರುತ್ತಾರೆ. ನನ್ನ ವಾದ ಇದಕ್ಕೆ ಉಲ್ಟಾ. ತೆರೆಯ ಮೇಲಿನ ಲೋಕ ಆಬ್ಜೆಕ್ಟ್‌ಗಳಿಂದ ಪಡೆದ ನಿಜವಾದ ಲಾಭ ಬೇರೆ: ಒಳಗಿನದನ್ನು ಒಳಗೇ ಇಟ್ಟುಕೊಳ್ಳುವುದು, ತನ್ನ ಗುರುತು ಉಳಿಸಿಕೊಳ್ಳುವುದು, ಯಾರು ಯಾರಿಗೆ ಸುದ್ದಿ ಮುಟ್ಟಿಸಬೇಕು ಎಂಬ ಕರಾರು. ವಂಶಾವಳಿ ಟೂಲ್‌ಕಿಟ್ ಕಟ್ಟುವವರಿಗೆ ಅನುಕೂಲ. ಅದನ್ನು ಬಳಸುವವರಿಗೆ ಬಹಳ ಸಲ ತಲೆನೋವು.

ಇತಿಹಾಸವೂ ಹೀಗೇ ಹೇಳುತ್ತದೆ. ಕ್ಲಾಸ್ ಮತ್ತು ಇನ್‌ಹೆರಿಟೆನ್ಸ್ ಮೊದಲು ಬಂದದ್ದು ಓಸ್ಲೋದಲ್ಲಿ. ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮುಲಾ 67 ಹುಟ್ಟಿದ್ದು ಲೋಕದ ವ್ಯವಹಾರಗಳನ್ನು ಕಂಪ್ಯೂಟರಿನಲ್ಲಿ ಅಣಕು ಮಾಡಿ ನೋಡಲು. ಅದಕ್ಕೆ ಕಿಟಕಿಯೂ ಇರಲಿಲ್ಲ, ಮೌಸೂ ಇರಲಿಲ್ಲ. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್‌ನಲ್ಲಿ ಅಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು ಸ್ಮಾಲ್‌ಟಾಕ್ ಕಟ್ಟಿದಾಗ ಈ ಎರಡು ಲೋಕಗಳು ಕೂಡಿಕೊಂಡವು. ಅಲನ್ ಕೇ ಮುಂದೆ ಪದೇ ಪದೇ ಒತ್ತಿ ಹೇಳಿದ್ದು ಆಬ್ಜೆಕ್ಟ್‌ಗಳ ನಡುವೆ ಓಡಾಡುವ ಸಂದೇಶವೇ ಮುಖ್ಯ, ಕ್ಲಾಸ್ ಅಲ್ಲ ಎಂದು. ಕೇಳಿಸಿಕೊಂಡವರು ಕಡಿಮೆ.

ಅದೇ ಪಾರ್ಕ್‌ಗೆ 1978-79ರಲ್ಲಿ ಅತಿಥಿಯಾಗಿ ಹೋದ ಟ್ರಿಗ್ವೆ ರೀನ್ಸ್‌ಕಾಗ್ ಕೂಡ ನಾರ್ವೆಯವರೇ. ಹಡಗು ಕಟ್ಟುವವರಿಗಾಗಿ ಸಾಫ್ಟ್‌ವೇರ್ ಬರೆದ ಅನುಭವ ಅವರ ಬೆನ್ನಿಗಿತ್ತು. ರಾಶಿ ಬಿದ್ದ ಮಾಹಿತಿಯನ್ನು ಒಬ್ಬೊಬ್ಬರು ಒಂದೊಂದು ಕೋನದಿಂದ ನೋಡಬೇಕು, ತಿದ್ದಬೇಕು. ಮಾಹಿತಿ ಮಾತ್ರ ಒಂದೇ ಇರಬೇಕು. ಈ ತೊಡಕಿಗೆ ಅವರು ಕಂಡುಕೊಂಡ ದಾರಿ ಮಾಡೆಲ್-ವ್ಯೂ-ಕಂಟ್ರೋಲರ್. ಆ ಮೂರರಲ್ಲಿ ಯಾವುದೂ ಯಾವುದರ ಸಂತಾನವೂ ಅಲ್ಲ ಎಂಬುದನ್ನು ಗಮನಿಸಬೇಕು. ಮಾಡೆಲ್ ಬದಲಾಯಿತೆಂಬ ಸುದ್ದಿ ವ್ಯೂಗೆ ತಲುಪಬೇಕು, ಅಷ್ಟೇ. ಅದು ಕಟ್ಟಿದ್ದು ಒಂದು ಸಂಭಾಷಣೆಯನ್ನು.

ಆಬ್ಜೆಕ್ಟ್ ಭಾಷೆಯೇ ಇಲ್ಲದ ಕಡೆ ಆದದ್ದು ಇನ್ನೂ ಸ್ವಾರಸ್ಯ. 1985ರ ವಿಂಡೋಸ್ 1.0ಕ್ಕೆ ಪ್ರೋಗ್ರಾಮ್ ಬರೆಯುವವರು ಸಿ ಭಾಷೆಯಲ್ಲೇ ಬರೆದರು. ಪ್ರತಿ ಕಿಟಕಿಗೂ ಒಂದು ಫಂಕ್ಷನ್, ಅದರೊಳಗೆ ಆನೆಗಾತ್ರದ ಒಂದು ಸ್ವಿಚ್. ಬಣ್ಣ ಬಳಿಯಬೇಕೇ, ಕೀ ಒತ್ತಿದರೇ, ಅಳತೆ ಬದಲಾಯಿತೇ, ಎಲ್ಲ ಸಂದೇಶವೂ ಅಲ್ಲಿಗೇ. ನಿಮಗೆ ಬೇಕಾದ್ದಕ್ಕೆ ಉತ್ತರ ಕೊಟ್ಟು ಉಳಿದದ್ದನ್ನು ವಿಂಡೋಸ್‌ನ ಡೀಫಾಲ್ಟ್ ಫಂಕ್ಷನ್ನಿಗೆ ದಾಟಿಸುವುದು ಪದ್ಧತಿ. ‘ನನಗೆ ಗೊತ್ತಿಲ್ಲದ್ದನ್ನು ಅಪ್ಪನನ್ನು ಕೇಳು’ ಎಂಬ ಇನ್‌ಹೆರಿಟೆನ್ಸ್‌ನ ಕೆಲಸವನ್ನು ಭಾಷೆಯ ನೆರವಿಲ್ಲದೆ ಮಾಡಿಕೊಂಡ ಉಪಾಯ ಇದು. ಗಿಂಪ್ ಎಂಬ ಚಿತ್ರಸಂಪಾದಕಕ್ಕೆಂದು ಹುಟ್ಟಿದ ಜಿಟಿಕೆ ಕೂಡ ಸಿ ಭಾಷೆಯಲ್ಲೇ ತನ್ನದೊಂದು ಆಬ್ಜೆಕ್ಟ್ ವ್ಯವಸ್ಥೆ ಕಟ್ಟಿಕೊಂಡಿತು. ಹಾಗಾದರೆ ತೆರೆಗೂ ಆಬ್ಜೆಕ್ಟ್‌ಗೂ ನಂಟು ಕಾಕತಾಳೀಯವಲ್ಲ. ಭಾಷೆ ಕೊಡದಿದ್ದರೂ ಜನ ಅದನ್ನು ಕಟ್ಟಿಕೊಂಡಿದ್ದಾರೆ. ಪ್ರಶ್ನೆ ಇರುವುದು, ಅದರಲ್ಲಿ ಯಾವ ಭಾಗ ಬೇಕಾಗಿತ್ತು ಎಂಬುದರಲ್ಲಿ.

ಇದಕ್ಕೆ ಒಂದೇ ಸಾಕ್ಷಿ ಕೊಡಿ ಎಂದರೆ ನಾನು ಜಾವಾವನ್ನು ಕಟಕಟೆಗೆ ಕರೆಯುತ್ತೇನೆ. 1996ರ ಜೆಡಿಕೆ 1.0ರಲ್ಲಿ ಎಡಬ್ಲ್ಯೂಟಿ ಎಂಬ ಟೂಲ್‌ಕಿಟ್ ಇತ್ತು. ಬಟನ್ ಒತ್ತಿದಾಗ ಏನಾದರೂ ಆಗಬೇಕೆಂದರೆ ಬಟನ್ನಿನದೋ ಅದು ಕೂತಿರುವ ಕಿಟಕಿಯದೋ ಒಂದು ಉಪಕ್ಲಾಸ್ ಮಾಡಿ, ಅದರಲ್ಲಿ ‘ಆ್ಯಕ್ಷನ್’ ಎಂಬ ಮೆಥಡ್ಡನ್ನು ಹೊಸದಾಗಿ ಬರೆಯಬೇಕು. ಸುದ್ದಿಯನ್ನು ನೀವು ಸ್ವೀಕರಿಸಿದರೆ ‘ನಿಜ’ ಎಂದು ಹಿಂತಿರುಗಿಸಬೇಕು. ‘ಸುಳ್ಳು’ ಎಂದರೆ ಅದು ಹೊರಗಿನ ಕಂಟೇನರಿಗೆ, ಅಲ್ಲಿಂದ ಅದರ ಹೊರಗಿನದಕ್ಕೆ ಏರುತ್ತ ಹೋಗುತ್ತದೆ. ಐದು ಬಟನ್ ಇರುವ ಕಿಟಕಿಯಲ್ಲಿ ಐದಕ್ಕೂ ಒಂದೇ ಮೆಥಡ್. ಒತ್ತಿದ್ದು ಯಾವುದು ಎಂದು ತಿಳಿಯಲು ಸುಲಭದ ದಾರಿಯೊಂದಿತ್ತು: ಬಟನ್ನಿನ ಮೇಲೆ ಬರೆದ ಅಕ್ಷರಗಳೇ ಮೆಥಡ್ಡಿಗೆ ಬರುತ್ತಿದ್ದವು, ಅವು ‘ಓಕೆ’ ಆಗಿದ್ದರೆ ಹೀಗೆ, ‘ಕ್ಯಾನ್ಸಲ್’ ಆಗಿದ್ದರೆ ಹಾಗೆ ಎಂದು ಹೋಲಿಸಿಬಿಡುವುದು. ಬರೆದವರಿಗೆ ಆರಾಮ. ಅದೇ ಪ್ರೋಗ್ರಾಮನ್ನು ಜರ್ಮನ್ ಭಾಷೆಗೆ ತರಲು ಯಾರೋ ಬಟನ್ನಿನ ಮೇಲಿನ ಬರಹ ಬದಲಿಸಿದರೆಂದುಕೊಳ್ಳಿ: ಬಟನ್ ಕಾಣುತ್ತದೆ, ಒತ್ತಿದರೆ ಒಳಕ್ಕೂ ಹೋಗುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ತೋರಿಕೆಯೂ ಗುರುತೂ ಒಂದೇ ಎಂದು ನಂಬಿದ್ದರ ಫಲ.

ಇಲ್ಲಿ ಎರಡು ಮರಗಳು ಕಲಸಿಹೋಗಿದ್ದವು. ಯಾವುದು ಯಾವುದರಿಂದ ಹುಟ್ಟಿತು ಎಂಬ ಕ್ಲಾಸ್‌ಗಳ ಮರ ಒಂದು. ಯಾವುದು ಯಾವುದರ ಒಳಗೆ ಕೂತಿದೆ ಎಂಬ ತೆರೆಯ ಮರ ಇನ್ನೊಂದು. ಎರಡರಲ್ಲೂ ‘ಪೇರೆಂಟ್’ ಎಂಬ ಮಾತು ಚಾಲ್ತಿಯಲ್ಲಿದೆ, ಗೊಂದಲಕ್ಕೆ ಅಷ್ಟು ಸಾಕು. ಕೆಲಸವನ್ನು ಯಾರು ಮಾಡಬೇಕು ಎಂಬುದು ಈ ಎರಡೂ ಮರಗಳಿಗೆ ಸಂಬಂಧಿಸದ ಮೂರನೆಯ ಸಂಗತಿ. ಮರುವರ್ಷವೇ, 1997ರ ಜೆಡಿಕೆ 1.1ರಲ್ಲಿ, ಇಡೀ ಏರ್ಪಾಟನ್ನು ಬದಲಿಸಿ ಲಿಸನರ್‌ಗಳನ್ನು ತಂದರು. ಬಟನ್ ತನ್ನ ಪಾಡಿಗೆ ಬಟನ್ನಾಗಿರುತ್ತದೆ. ಸುದ್ದಿ ಬೇಕಾದವರು ಹೆಸರು ನೋಂದಾಯಿಸಿಕೊಳ್ಳುತ್ತಾರೆ. ಉಪಕ್ಲಾಸ್ ಮಾಡುವ ಅಗತ್ಯ ಬಿದ್ದುಹೋಯಿತು. ಒಂದು ಭಾಷೆಯ ತಯಾರಕರು ತಮ್ಮ ಮೂಲ ವಿನ್ಯಾಸವನ್ನು ಇಷ್ಟು ಬೇಗ ಕೈಬಿಡುವುದು ಅಪರೂಪ.

ಇದೇ ಮಾತನ್ನು ಇನ್ನೂ ಚೆಂದವಾಗಿ ಆಡಿದ್ದು ಕ್ಯೂಟಿ. ಹೋವರ್ಡ್ ನೂರ್ಡ್ ಮತ್ತು ಐರಿಕ್ ಚಾಂಬೆ-ಎಂಗ್ ಕಟ್ಟಿ 1995ರಲ್ಲಿ ಹೊರಗೆ ಬಿಟ್ಟ ಟೂಲ್‌ಕಿಟ್ ಅದು. (ಅವರೂ ನಾರ್ವೆಯವರು, ಈ ಕಥೆಯಲ್ಲಿ ಆ ದೇಶ ಮೂರನೆಯ ಸಲ ತಲೆಹಾಕುತ್ತಿದೆ.) ಸಿ++ ಭಾಷೆಯಲ್ಲಿ ಕ್ಲಾಸ್‌ಗಳಿಗೆ ಬರವಿರಲಿಲ್ಲ, ಇನ್‌ಹೆರಿಟೆನ್ಸ್ ಬೇಕಾದಷ್ಟಿತ್ತು. ಅದು ಸಾಲದೆಂದೇ ಅವರು ಸಿಗ್ನಲ್ ಮತ್ತು ಸ್ಲಾಟ್ ಎಂಬುದನ್ನು ಸೇರಿಸಿ, ಅದಕ್ಕಾಗಿ ಕಂಪೈಲರಿಗಿಂತ ಮುಂಚೆ ಓಡುವ ಬೇರೊಂದು ಉಪಕರಣವನ್ನೇ ಬರೆದರು. ಒಂದು ಸ್ಲೈಡರ್, ಪಕ್ಕದಲ್ಲೊಂದು ಅಂಕಿ ತುಂಬುವ ಪೆಟ್ಟಿಗೆ ಇದೆ ಎನ್ನಿ. ಸ್ಲೈಡರಿನ ‘ಬೆಲೆ ಬದಲಾಯಿತು’ ಎಂಬ ಸಿಗ್ನಲ್ಲನ್ನು ಪೆಟ್ಟಿಗೆಯ ‘ಬೆಲೆ ಇಡು’ ಎಂಬ ಸ್ಲಾಟಿಗೆ ಜೋಡಿಸುತ್ತೀರಿ, ಪೆಟ್ಟಿಗೆಯದನ್ನು ಸ್ಲೈಡರಿಗೆ ಜೋಡಿಸುತ್ತೀರಿ. ಸುದ್ದಿ ಸುತ್ತುತ್ತಲೇ ಇರುವುದಿಲ್ಲವೇ ಎಂದು ಅಂಜಿಕೆ ಸಹಜ. ಇರುವುದಿಲ್ಲ: ಬೆಲೆ ನಿಜವಾಗಿ ಬದಲಾದರೆ ಮಾತ್ರ ಸಿಗ್ನಲ್ ಹೊರಡುತ್ತದೆ, ಹಾಗಾಗಿ ಎರಡನೆಯ ಸುತ್ತಿಗೆ ಮಾತು ನಿಂತುಹೋಗುತ್ತದೆ. ಸ್ಲೈಡರಿಗೆ ಪೆಟ್ಟಿಗೆಯ ಪರಿಚಯವಿಲ್ಲ, ಪೆಟ್ಟಿಗೆಗೆ ಸ್ಲೈಡರಿನದಿಲ್ಲ. ಅವು ಒಂದೇ ವಂಶದವೋ ಅಲ್ಲವೋ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಹಾಗೆಂದು ಇನ್‌ಹೆರಿಟೆನ್ಸ್‌ಗೆ ಎಳ್ಳುನೀರು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಇಸಿಜಿಯ ಅಲೆ ತೋರಿಸುವ ಹೊಸ ವಿಜೆಟ್ ಬೇಕಾದರೆ ಕ್ಯೂಟಿಯ ಮೂಲ ವಿಜೆಟ್ ಕ್ಲಾಸಿನಿಂದ ಒಂದು ಉಪಕ್ಲಾಸ್ ಮಾಡಿ, ಬಣ್ಣ ಬಳಿಯುವ ಮೆಥಡ್ ಬರೆದರೆ ಮುಗಿಯಿತು. ಫೋಕಸ್, ಮೌಸ್, ಅಳತೆ ಎಲ್ಲ ಪುಕ್ಕಟೆ. ಒಂದು ತಲೆಮಾರಿಗೆ ಇದು ಒಳ್ಳೆಯ ವ್ಯಾಪಾರ. ನಾಲ್ಕೈದು ತಲೆಮಾರು ಆದಮೇಲೆ ಪಿತ್ರಾರ್ಜಿತದ ಜೊತೆ ಸಾಲವೂ ಕೈಗೆ ಬರುತ್ತದೆ. ಬಟನ್ನಿಗೆ ಬೇಡವಾದ ‘ಒಳಗೆ ಮಕ್ಕಳನ್ನು ಇಟ್ಟುಕೊಳ್ಳುವ’ ಶಕ್ತಿ ಸ್ವಿಂಗ್‌ನಲ್ಲಿ ಬಂದದ್ದು ಹಾಗೆ. ಆಂಡ್ರಾಯ್ಡ್‌ನ ಮೂಲ ವ್ಯೂ ಕ್ಲಾಸ್ ಇಪ್ಪತ್ತು ಸಾವಿರ ಸಾಲು ದಾಟಿ ಬೆಳೆದದ್ದೂ ಹಾಗೆಯೇ. ಎಲ್ಲ ಸಂತಾನಕ್ಕೂ ಎಂದಾದರೊಮ್ಮೆ ಬೇಕಾಗಬಹುದಾದ್ದನ್ನೆಲ್ಲ ಮೂಲಪುರುಷನೇ ಹೊತ್ತಿರಬೇಕು. 1994ರಲ್ಲಿ ಎರಿಕ್ ಗ್ಯಾಮಾ ಮತ್ತು ಮೂವರು ಸಂಗಡಿಗರು ಡಿಸೈನ್ ಪ್ಯಾಟರ್ನ್‌ಗಳ ಪುಸ್ತಕ ಬರೆದಾಗ ಉದಾಹರಣೆಗಳನ್ನು ಹೆಚ್ಚಾಗಿ ಆರಿಸಿದ್ದು ತೆರೆಯ ಪ್ರೋಗ್ರಾಮ್‌ಗಳಿಂದಲೇ. ಸ್ಕ್ರೋಲ್‌ಬಾರ್ ಬೇಕೇ, ಅಂಚು ಬೇಕೇ, ಎರಡೂ ಬೇಕೇ ಎಂದು ಒಂದೊಂದು ಜೋಡಿಗೂ ಒಂದೊಂದು ಉಪಕ್ಲಾಸ್ ಮಾಡಹೊರಟರೆ ಮುಗಿಯದ ಕಥೆ. ಒಂದರ ಮೇಲೊಂದು ಹೊದಿಸಿ ಎಂಬುದು ಅವರ ಸಲಹೆ. ಆ ಪುಸ್ತಕ ನಮ್ಮ ಇಂಟರ್‌ವ್ಯೂಗಳಲ್ಲಿ ಬಾಯಿಪಾಠವಾಯಿತು, ಕೋಡಿನಲ್ಲಿ ಅಷ್ಟಾಗಿ ಇಳಿಯಲಿಲ್ಲ.

ಮುಚ್ಚಿಟ್ಟುಕೊಳ್ಳುವ ಗುಣದ ಬೆಲೆ ಕನ್ನಡ ಟೈಪ್ ಮಾಡುವವರಿಗೆ ಚೆನ್ನಾಗಿ ಗೊತ್ತಾಗಬೇಕು. ‘ಸ್ತ್ರೀ’ ಎಂದು ಬರೆಯಲು ಯೂನಿಕೋಡ್‌ನಲ್ಲಿ ಆರು ಸಂಕೇತ ಬೇಕು: ಸ, ಹಲಂತ ಚಿಹ್ನೆ, ತ, ಮತ್ತೆ ಹಲಂತ ಚಿಹ್ನೆ, ರ, ದೀರ್ಘ ಈಕಾರ. ತೆರೆಯ ಮೇಲೆ ಅದು ಒಂದೇ ಅಕ್ಷರ. ಒಂದು ಸಂಕೇತಕ್ಕೆ ಒಂದು ಅಗಲ ಎಂದು ಕೂಡುತ್ತ ಹೋಗುವ ಟೆಕ್ಸ್ಟ್‌ಬಾಕ್ಸ್‌ಗೆ ಇದು ನುಂಗಲಾರದ ತುತ್ತು. ಕರ್ಸರ್ ಎಲ್ಲೋ ನಿಲ್ಲುತ್ತದೆ, ಒತ್ತಕ್ಷರ ಬಿಡಿಬಿಡಿಯಾಗಿ ಚೆಲ್ಲುತ್ತದೆ. ಬಟನ್, ಮೆನು, ಪಟ್ಟಿ ತಮ್ಮತಮ್ಮ ಬರಹವನ್ನು ತಾವೇ ಅಳೆದುಕೊಂಡ ಕಡೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ರಿಪೇರಿ ಮಾಡಬೇಕು. 2002ರ ಜಿಟಿಕೆ 2.0 ಬರಹದ ಇಡೀ ಜವಾಬ್ದಾರಿಯನ್ನು ಪ್ಯಾಂಗೋ ಎಂಬ ಒಂದೇ ಕಡೆ ಕೂರಿಸಿತು. ಅಕ್ಷರ ಹೇಗೆ ಕೂಡಿಕೊಳ್ಳುತ್ತದೆ, ಎಷ್ಟು ಅಗಲ, ಕರ್ಸರ್ ಎಲ್ಲಿ ಎಂದು ಉಳಿದವರು ಅದನ್ನು ಕೇಳಬೇಕು, ತಾವು ತಲೆಹಾಕಬಾರದು. ಪ್ಯಾಂಗೋ ಕನ್ನಡ ಕಲಿತಾಗ ಅದನ್ನು ಕೇಳಿ ನಡೆಯುವ ಲೇಬಲ್, ಮೆನು, ಬಟನ್ ಎಲ್ಲವೂ ಒಟ್ಟಿಗೆ ಕಲಿತವು. ಅವುಗಳಲ್ಲಿ ಯಾವುದೂ ಪ್ಯಾಂಗೋ ಸಂತಾನವಲ್ಲ.

ಈಗಿನ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. 2013ರಲ್ಲಿ ಹೊರಬಂದ ರಿಯಾಕ್ಟ್, 2019ರ ಸ್ವಿಫ್ಟ್‌ಯುಐ, 2021ರಲ್ಲಿ 1.0 ಆದ ಜೆಟ್‌ಪ್ಯಾಕ್ ಕಂಪೋಸ್, ಎಲ್ಲವೂ ಹೇಳುವುದು ತೆರೆ ಹೇಗಿರಬೇಕೆಂದು ವರ್ಣಿಸಿ, ಬದಲಿಸುವ ತಾಪತ್ರಯ ನಮಗೆ ಬಿಡಿ ಎಂದು. ರಿಯಾಕ್ಟ್‌ನಲ್ಲಿ ಮೊದಲಿದ್ದ ಕ್ಲಾಸ್ ಕಾಂಪೊನೆಂಟ್‌ಗಳೂ 2019ರ ಹುಕ್ಸ್ ಬಂದಮೇಲೆ ಮೂಲೆ ಸೇರಿದವು. ಆಬ್ಜೆಕ್ಟ್ ಯುಗ ಮುಗಿಯಿತು ಎಂದು ಷರಾ ಬರೆಯುವವರಿಗೆ ಈಗ ಬರವಿಲ್ಲ. ವಂಶಾವಳಿಯ ಹೊರೆ ಕೆಳಗಿಳಿದದ್ದು ನನಗೂ ಸಂತೋಷವೇ. ಆದರೆ ತೆರೆಯ ಮೇಲಿನ ವಸ್ತುವಿಗೆ ನೆನಪಿದೆ: ಎಷ್ಟು ಸ್ಕ್ರೋಲ್ ಆಗಿದೆ, ಕರ್ಸರ್ ಯಾವ ಅಕ್ಷರದ ಬಳಿ ಇದೆ, ಅರ್ಧ ಟೈಪ್ ಮಾಡಿದ್ದು ಏನು. ಫಂಕ್ಷನ್ ಓಡಿ ಮುಗಿದ ಮೇಲೂ ಅದು ಎಲ್ಲೋ ಉಳಿದಿರಬೇಕು. ಫ್ಲಟರ್‌ನಲ್ಲಿ ವಿಜೆಟ್‌ಗಳನ್ನು ಮತ್ತೆ ಮತ್ತೆ ಬಿಸಾಡಿ ಹೊಸದಾಗಿ ಮಾಡುತ್ತಾರೆ. ಬರೆಯುವ ಪೆಟ್ಟಿಗೆಯ ಪಠ್ಯ ಹಿಡಿದಿಟ್ಟುಕೊಳ್ಳುವ ಕಂಟ್ರೋಲರ್ ಮಾತ್ರ ಅಪ್ಪಟ ಹಳೆಯ ಕಾಲದ ಆಬ್ಜೆಕ್ಟ್. ನೀವು ಅದನ್ನು ಸೃಷ್ಟಿಸಿದ್ದರೆ ಕೊನೆಗೆ ವಿಲೇವಾರಿ ಮಾಡುವುದೂ ನಿಮ್ಮದೇ ಕೆಲಸ.

ರಿಯಾಕ್ಟ್‌ನಲ್ಲಿ ಒಂದು ಪಟ್ಟಿ ಬರೆದು, ಪ್ರತಿ ಸಾಲಿನಲ್ಲೂ ಹೆಸರೊಂದನ್ನು ತೋರಿಸಿ, ಪಕ್ಕದಲ್ಲಿ ಏನಾದರೂ ಬರೆಯಲು ಜಾಗ ಕೊಡಿ. ಎರಡನೆಯ ಸಾಲಿನಲ್ಲಿ ನಾಲ್ಕು ಪದ ಟೈಪ್ ಮಾಡಿ. ಆಮೇಲೆ ಪಟ್ಟಿಯ ತಲೆಗೆ ಹೊಸ ಹೆಸರೊಂದನ್ನು ಸೇರಿಸಿ. ಸಾಲುಗಳಿಗೆ ‘ಕೀ’ ಕೊಟ್ಟಿಲ್ಲದಿದ್ದರೆ ಹೆಸರುಗಳೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತವೆ, ನೀವು ಟೈಪ್ ಮಾಡಿದ್ದು ಎರಡನೆಯ ಸಾಲಿನಲ್ಲೇ ಕೂತು ಬೇರೆಯವರ ಪಾಲಾಗುತ್ತದೆ. ಯಾವ ಸಾಲು ಯಾರದು ಎಂದು ಟೂಲ್‌ಕಿಟ್ಟಿಗೆ ತಿಳಿಯುವ ದಾರಿ ಇಲ್ಲ. ಅದಕ್ಕೇ ಪ್ರತಿ ಸಾಲಿಗೂ ಬದಲಾಗದ ಒಂದು ಕೀ ಕೊಡಿ ಎಂದು ಅದು ಎಚ್ಚರಿಸುತ್ತದೆ. ಸ್ಮಾಲ್‌ಟಾಕ್‌ನಲ್ಲಿ ಪ್ರತಿ ಆಬ್ಜೆಕ್ಟಿಗೂ ಹುಟ್ಟುತ್ತಲೇ ಬರುತ್ತಿದ್ದ ಗುರುತನ್ನು ಇಲ್ಲಿ ಪ್ರೋಗ್ರಾಮರ್ ಕೈಯಾರೆ ಬರೆದುಕೊಡುತ್ತಿದ್ದಾರೆ.