ಸುಲಭ ಬೆಲೆಯ ಕಾರೂ ಪ್ರಯಾಣಿಕನ ಕ್ಷೇಮವೂ

ಒಂದು ವಸ್ತುವಿನ ಬೆಲೆಯು ಇಳಿಯಿತೆಂದು ಕೇಳಿದೊಡನೆ ನಾವೆಲ್ಲರೂ ಸಂತೋಷಪಡುತ್ತೇವೆ. ಅದು ಹೇಗೆ ಇಳಿಯಿತೆಂದು ವಿಚಾರಿಸುವವರು ವಿರಳ. ಬೆಲೆಯನ್ನು ಇಳಿಸಲು ಎರಡು ಮಾರ್ಗಗಳುಂಟು. ಬೇಡವಾದುದನ್ನು ಬುದ್ಧಿಯಿಂದ ಕಳೆಯುವುದು ಒಂದು. ಇರಲೇಬೇಕಾದುದನ್ನು ಕಳೆಯುವುದು ಇನ್ನೊಂದು. ನಮ್ಮ ದೇಶದ ಮಾರುತಿ ಸಂಸ್ಥೆಯ ಚರಿತ್ರೆಯಲ್ಲಿ ಈ ಎರಡೂ ಕಾಣಸಿಗುವುದರಿಂದ ಅದು ವಿಚಾರಯೋಗ್ಯವಾಗಿದೆ.

1981ರಲ್ಲಿ ಸರಕಾರದ ಉದ್ಯಮವಾಗಿ ಹುಟ್ಟಿದ ಈ ಸಂಸ್ಥೆಯು ಮರುವರ್ಷ ಜಪಾನಿನ ಸುಜುಕಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. 1983ರ ಡಿಸೆಂಬರ್ 14ರಂದು, ದಿಲ್ಲಿಯ ಸಮೀಪದ ಗುಡಗಾಂವಿನಲ್ಲಿ ಸಿದ್ಧವಾದ ಮೊದಲ ‘ಮಾರುತಿ 800’ ಕಾರು ಗ್ರಾಹಕನ ಕೈಸೇರಿತು. ಅದರ ಬೆಲೆ ಸುಮಾರು 47,500 ರೂಪಾಯಿ.

ಈ ಬೆಲೆಯ ಹಿಂದೆ ಯಾವ ಮಾಯೆಯೂ ಇರಲಿಲ್ಲ, ಇದ್ದುದು ಯಂತ್ರಶಾಸ್ತ್ರ. ಆಗ ನಮ್ಮ ರಸ್ತೆಗಳಲ್ಲಿ ಮೆರೆಯುತ್ತಿದ್ದ ಅಂಬಾಸಿಡರ್ ಕಾರು ಒಂದು ಟನ್ನಿಗೂ ಮಿಗಿಲಾದ ತೂಕದ್ದು. ಅದರ ಎಂಜಿನು ಮುಂದಿದ್ದು, ಉದ್ದನೆಯ ದಂಡವೊಂದು ಹಿಂದಿನ ಚಕ್ರಗಳಿಗೆ ಶಕ್ತಿಯನ್ನು ಒಯ್ಯುತ್ತಿತ್ತು. ಮಾರುತಿಯಲ್ಲಿಯಾದರೋ 796 ಘನ ಸೆಂಟಿಮೀಟರಿನ ಮೂರು ಸಿಲಿಂಡರುಗಳ ಎಂಜಿನನ್ನು ಅಡ್ಡಲಾಗಿ ಕೂರಿಸಿ, ಮುಂದಿನ ಚಕ್ರಗಳನ್ನೇ ತಿರುಗಿಸುವಂತೆ ಮಾಡಿದ್ದರು. ದಂಡವು ಹೋಯಿತು, ಅದರ ಭಾರವೂ ಹೋಯಿತು, ಕಾಲಿಡಲು ಸ್ಥಳವು ಉಳಿಯಿತು. ಗಾಡಿಯ ತೂಕವು ಸುಮಾರು 650 ಕಿಲೋಗ್ರಾಮಿಗೆ ಇಳಿಯಿತು. ತೂಕ ಕಡಮೆಯಾದಲ್ಲಿ ಉಕ್ಕೂ ಕಡಮೆ, ಪೆಟ್ರೋಲೂ ಕಡಮೆ. ಮೊದಲು ಜಪಾನಿನಿಂದ ಬರುತ್ತಿದ್ದ ಬಿಡಿಭಾಗಗಳು ಕ್ರಮೇಣ ಇಲ್ಲಿಯೇ ತಯಾರಾದವು. ಒಂದೇ ಮಾದರಿಯನ್ನು ಲಕ್ಷಗಟ್ಟಲೆ ಮಾಡಿದಾಗ ಅಚ್ಚುಗಳಿಗೂ ಯಂತ್ರಗಳಿಗೂ ತಗಲಿದ ವೆಚ್ಚವು ಅಷ್ಟು ಕಾರುಗಳಲ್ಲಿ ಹಂಚಿಹೋಯಿತು. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಅಂತಹ 25 ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಿದ್ದಿದ್ದವು. ಸಂಸ್ಥೆಯೂ ಅಷ್ಟರಲ್ಲಿ ಸುಜುಕಿಯ ಸ್ವಾಮ್ಯಕ್ಕೆ ಸೇರಿತ್ತು. ಇದು ಮೊದಲ ಮಾರ್ಗ; ಇದನ್ನು ನಾವು ಮುಕ್ತಕಂಠದಿಂದ ಹೊಗಳುತ್ತೇವೆ.

ಆದರೆ ಅದೇ ತಿಂಗಳು ಇನ್ನೊಂದು ಸುದ್ದಿಯೂ ಬಂದಿತು. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಅಡ್ಡತಡೆಗೆ ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ, ಇದೇ ಸಂಸ್ಥೆಯ ಆಲ್ಟೊ 800 ಕಾರಿಗೆ ವಯಸ್ಕರ ರಕ್ಷಣೆಯಲ್ಲಿ ಒಂದು ನಕ್ಷತ್ರವೂ ದೊರೆಯಲಿಲ್ಲ. ಬೇರೆ ಕಂಪನಿಗಳ ಕೆಲವು ಸಣ್ಣ ಕಾರುಗಳ ಗತಿಯೂ ಅದೇ ಆಯಿತು. ಡಿಕ್ಕಿಯಾದಾಗ ಗಾಡಿಯ ಚಲನಶಕ್ತಿಯು ಎಲ್ಲಿಯಾದರೂ ವ್ಯಯವಾಗಲೇಬೇಕು. ಮುಂಭಾಗವು ಕ್ರಮವಾಗಿ ಮುದುಡಿ ಅದನ್ನು ನುಂಗಬೇಕು. ಪ್ರಯಾಣಿಕರು ಕುಳಿತ ಗೂಡು ಮಾತ್ರ ಕುಸಿಯಬಾರದು. ಗೂಡೇ ಕುಸಿದರೆ ಏರ್‌ಬ್ಯಾಗ್ ಎಂಬ ಗಾಳಿಚೀಲವೂ ಹೆಚ್ಚು ಉಪಕಾರ ಮಾಡಲಾರದು.

ರಕ್ಷಣೆಯನ್ನು ಸೇರಿಸಿದರೆ ಬೆಲೆ ಏರಿ, ಬಡ ಸಂಸಾರಿಯು ಹೆಂಡತಿ ಮಕ್ಕಳೊಡನೆ ಸ್ಕೂಟರಿನಲ್ಲಿಯೇ ಉಳಿಯುವನಲ್ಲವೆ ಎಂದು ಕೆಲವರು ಕೇಳುವರು. ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ಎಂಜಿನಿನ ಬೆಲೆಯನ್ನು ಇಳಿಸಿದ ಉಪಾಯವೇ, ಎಂದರೆ ವಿನ್ಯಾಸದ ಜಾಣತನವೂ ಬೃಹತ್ಪ್ರಮಾಣದ ತಯಾರಿಕೆಯೂ, ರಕ್ಷಣೆಯ ಬೆಲೆಯನ್ನೇಕೆ ಇಳಿಸಬಾರದು? 2024ರಲ್ಲಿ ಮಾರುತಿಯ ಡಿಜೈರ್ ಕಾರು ಅದೇ ಪರೀಕ್ಷಾಸಂಸ್ಥೆಯಿಂದ ಐದು ನಕ್ಷತ್ರಗಳನ್ನು ಪಡೆಯಿತು. 2025ರಲ್ಲಿ ಆಲ್ಟೊ ಕೆ10ರ ಎಲ್ಲ ಮಾದರಿಗಳಿಗೂ ಆರು ಗಾಳಿಚೀಲಗಳು ಬಂದವು. ಮನಸ್ಸಿದ್ದಲ್ಲಿ ಮಾರ್ಗವಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೂ ಚೀಲಗಳನ್ನು ಎಣಿಸಿ ತೃಪ್ತರಾಗುವುದು ಸಲ್ಲದು; ಗೂಡಿನ ಬಲವನ್ನು ಡಿಕ್ಕಿಯ ಪರೀಕ್ಷೆಯೊಂದೇ ಹೇಳಬಲ್ಲುದು.

2023ರ ಅಕ್ಟೋಬರಿನಲ್ಲಿ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯು ಆರಂಭವಾಯಿತು. ಆದರೆ ಅದನ್ನು ತಯಾರಕರ ಇಚ್ಛೆಗೆ ಬಿಡಲಾಯಿತು. ಅದು ಕಡ್ಡಾಯವಾಗಬೇಕು, ಅದೂ ಅತಿ ಕಡಮೆ ಬೆಲೆಯ ಕಾರುಗಳಿಂದಲೇ ಮೊದಲಾಗಬೇಕು, ಫಲಿತಾಂಶವನ್ನು ಬೆಲೆಯ ಪಕ್ಕದಲ್ಲಿಯೇ ಬರೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಕಾರಿನ ಬೆಲೆ ಇಳಿಯಲಿ. ಅದರೊಳಗೆ ಕುಳಿತವನ ಪ್ರಾಣದ ಬೆಲೆ ಇಳಿಯದಿರಲಿ.